ಪುಕ್ಕಟೆ ಸಿಡಿಯಿಂದ ಹೆಸರಾದ ಬ್ಯಾಂಡ್

ಪ್ರಶ್ನೆ: ಇಂಗ್ಲೆಂಡಿನ ರಾಕ್ ಬ್ಯಾಂಡ್ ಆರ್ಕ್ಟಿಕ್ ಮಂಕೀಸ್‌ನ ಗಾಯಕ ಅಲೆಕ್ಸ್ ಟರ್ನರ್ ಅಷ್ಟು ಬೇಗ ಹೆಸರಾದದ್ದು ಹೇಗೆ? ನಮ್ಮ ಕಾಲೇಜು ಬ್ಯಾಂಡಿಗೂ ಆ ದಾರಿ ಆದೀತೇ?
– ಓದುಗ, ಧಾರವಾಡ

ಉತ್ತರ: ಶೆಫೀಲ್ಡ್‌ನ ಈ ಹುಡುಗರು ಕಾರ್ಯಕ್ರಮಕ್ಕೆ ಬಂದವರಿಗೆ ಡೆಮೊ (ಮಾದರಿ ಹಾಡುಗಳ) ಸಿಡಿಗಳನ್ನು ಪುಕ್ಕಟೆ ಕೊಟ್ಟರು; ಕೇಳಿದವರೇ ಇಂಟರ್‌ನೆಟ್‌ನಲ್ಲಿ ಹಂಚಿದರು. 2005ರಲ್ಲಿ ಡೊಮಿನೊ ಎಂಬ ಸ್ವತಂತ್ರ ಸಂಗೀತ ಸಂಸ್ಥೆ ಕೈಹಿಡಿಯಿತು. 2006ರ ಜನವರಿಯಲ್ಲಿ ಬಂದ ಮೊದಲ ಆಲ್ಬಂ, ಬ್ರಿಟನ್ನಿನಲ್ಲಿ ಮೊದಲ ವಾರವೇ 3.6 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಆದರೆ ಬರೀ ಹಂಚಿಕೆಯಿಂದ ಆದದ್ದಲ್ಲ. ಟರ್ನರ್ ತಮ್ಮೂರಿನ ಸಂಗತಿಗಳನ್ನು ತಮ್ಮೂರಿನ ಉಚ್ಚಾರದಲ್ಲೇ ಹಾಡಿದರು, ಅದೇ ದೊಡ್ಡ ಬಲ. ನೀವೂ ಧಾರವಾಡದ ಮಾತಿನಲ್ಲೇ ಬರೆಯಿರಿ.

ಮೊದಲಿಗೆ ಮೂರು ಹಾಡು ಸಾಕು. ರೆಕಾರ್ಡಿಂಗ್‌ನಲ್ಲಿ ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿರಲಿ. ಸೊನ್ನೆ ಮೀರಿದರೆ ದನಿ ಒಡೆಯುತ್ತದೆ, ಆಮೇಲೆ ಸರಿಪಡಿಸುವುದು ಕಷ್ಟ. ಫೈಲಿಗೆ ಬ್ಯಾಂಡಿನ, ಹಾಡಿನ ಹೆಸರಿಡಿ. ‘ಟ್ರ್ಯಾಕ್ 1’ ಎಂದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಊರೆಲ್ಲ ಸುತ್ತಿದರೂ ಯಾರದೆಂದು ತಿಳಿಯದು.