ಯಾವ ಬೀದಿಗೆ ಬಿದ್ದರು?

ತಂಗಿ, ನಮಸ್ಕಾರ.

ಜಾನೆಟ್ ಯೆಲೆನ್ ಬಗ್ಗೆ ನೀವು ಚಿತ್ರದುರ್ಗದಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಫೆಡರಲ್ ರಿಸರ್ವ್ ಅಂದರೆ ಅಮೆರಿಕದವರ ರಿಸರ್ವ್ ಬ್ಯಾಂಕು. ಅದಕ್ಕೆ ಅಧ್ಯಕ್ಷೆಯಾದ ಮೊದಲ ಹೆಂಗಸು ಯೆಲೆನ್, 2021ರಲ್ಲಿ ಆ ದೇಶದ ಖಜಾನೆಯ ಹೊಣೆ ಹೊತ್ತ ಮೊದಲ ಹೆಂಗಸು. ಇಂಥವರ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಅನ್ನಿಸಿದ್ದು ಸಂತೋಷ. ಭಾಷೆ ಶುದ್ಧವಾಗಿದೆ, ಇಸವಿಗಳು ಸರಿಯಾಗಿವೆ. 2022ರಲ್ಲಿ ಡಾಲರ್ ನೋಟಿನ ಮೇಲೆ ಮೊದಲ ಸಲ ಇಬ್ಬರು ಹೆಂಗಸರ ಸಹಿ ಬಿದ್ದ ಭಾಗ ಚೆನ್ನಾಗಿದೆ.

ಆದರೆ ಈಗಿರುವ ಹಾಗೆ ಇದನ್ನು ಅಚ್ಚು ಹಾಕಲಾರೆ.

ಮೂರನೇ ಪುಟದ ಒಂದು ಸಾಲು ನನ್ನ ನಿದ್ದೆ ಕೆಡಿಸಿತು. "2014ರಲ್ಲಿ ಶಿಕಾಗೋದಲ್ಲಿ ಮಾಡಿದ ಭಾಷಣದಲ್ಲಿ ಅವರು ನಿರುದ್ಯೋಗದ ಬಗ್ಗೆ ಕಳವಳ ವ್ಯಕ್ತಪಡಿಸಿದರು." ಅಷ್ಟೇ. ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದೀರಿ.

ಆ ಭಾಷಣದಲ್ಲಿ ಏನಿತ್ತು ನೋಡಿ. ಮಾರ್ಚ್ 31. ಅಧ್ಯಕ್ಷೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಆ ಕುರ್ಚಿಯಲ್ಲಿ ಕೂತವರಿಂದ ಜನ ಕಾಯುವುದು ಬಡ್ಡಿಯ ಮಾತು, ಬೆಲೆಯ ಮಾತು, ಶೇಕಡಾ ಲೆಕ್ಕ. ಯೆಲೆನ್ ಮೂವರು ಸಾಮಾನ್ಯ ಜನರ ಹೆಸರು ಹಿಡಿದು ಮಾತಾಡಿದರು. ಒಬ್ಬ ಪ್ಲಂಬಿಂಗ್ ಕೆಲಸ ಕಲಿಯುತ್ತಿದ್ದವನು. ಒಬ್ಬಾಕೆ ಆರೋಗ್ಯ ವಿಮೆಯ ಕ್ಲೇಮು ನೋಡುವ ಕೆಲಸ ಕಳೆದುಕೊಂಡವಳು. ಮೂರನೆಯ ಹೆಣ್ಣುಮಗಳು 20 ವರ್ಷ ಒಂದು ಮುದ್ರಣ ಕಾರ್ಖಾನೆಯಲ್ಲಿ ದುಡಿದವಳು. ಅದು ಮುಚ್ಚಿತು. ಮನೆಸಾಲದ ಅರ್ಜಿ ನೋಡುವ ಇನ್ನೊಂದು ಕೆಲಸ ಹಿಡಿದಳು, ಅದೂ ಹೋಯಿತು. ಕೆಲವು ಕಾಲ ಇರಲು ಮನೆಯೇ ಇರಲಿಲ್ಲ. ಭಾಷಣದ ಹೊತ್ತಿಗೆ ಆಕೆ ದಿನಸಿ ಅಂಗಡಿಯಲ್ಲಿ ಗಿರಾಕಿಗಳಿಗೆ ತಿನಿಸಿನ ಸ್ಯಾಂಪಲ್ ಕೊಡುತ್ತಿದ್ದಳು. ದಿನಪೂರ್ತಿ ಕೆಲಸ ಅಲ್ಲ. ಇನ್ನೂ ಒಂದಷ್ಟು ಗಂಟೆ ಜಾಸ್ತಿ ಸಿಗಲಿ ಅನ್ನುವುದು ಆಕೆಯ ಆಸೆ.

ಇದೆಲ್ಲ ನಿಮ್ಮ ಕೈಯಲ್ಲಿ "ಕಳವಳ ವ್ಯಕ್ತಪಡಿಸಿದರು" ಆಗಿದೆ. ಯೆಲೆನ್ ಅಂಕಿಯ ಒಳಗಿಂದ ಮೂರು ಜನರನ್ನು ಹೊರಗೆ ಕರೆದು ತಂದರು. ನೀವು ಅವರನ್ನು ಮತ್ತೆ ಒಳಗೆ ಕಳಿಸಿ ಬಾಗಿಲು ಹಾಕಿದಿರಿ.

ಅದೇ ಪುಟದಲ್ಲಿ ಕೆಳಗೆ: "2015ರ ಡಿಸೆಂಬರ್‌ನಲ್ಲಿ ಬಡ್ಡಿದರ ಏರಿಸುವ ದಿಟ್ಟ ನಿರ್ಧಾರ ಕೈಗೊಂಡರು." ದಿಟ್ಟ ಯಾಕೆ? ಏರಿಸಿದ್ದು ಕಾಲು ಪರ್ಸೆಂಟ್. ನೀವು ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು, ಕಾಲು ಪರ್ಸೆಂಟ್ ಏನು ಮಾಡುತ್ತದೆ ಅಂತ ನನಗಿಂತ ಚೆನ್ನಾಗಿ ಬಲ್ಲಿರಿ. ಬಡ್ಡಿ ಏರಿದರೆ ಸಾಲ ತುಟ್ಟಿ. ಸಾಲ ತುಟ್ಟಿಯಾದರೆ ಕಾರ್ಖಾನೆಯವರು ಹೊಸ ಆಳು ತಗೊಳ್ಳಲು ಹಿಂದೆಮುಂದೆ ನೋಡುತ್ತಾರೆ. ಏರಿಸದೇ ಬಿಟ್ಟರೆ ಬೆಲೆ ಕೈಮೀರುವ ಭಯ. ಏಳು ವರ್ಷ ಸೊನ್ನೆಯ ಹತ್ತಿರವೇ ಇದ್ದ ಬಡ್ಡಿ ಅದು. ಏರಿಸಿ, ಏರಿಸಿ ಅನ್ನುವವರು ಸುತ್ತ ಇದ್ದರು. ಯೆಲೆನ್ ಸುಮಾರು ಎರಡು ವರ್ಷ ತಡೆದರು. ತುಂಬಾ ಜನರಿಗೆ ಪೂರ್ತಿ ಕೆಲಸ ಇನ್ನೂ ಸಿಕ್ಕಿಲ್ಲ ಅನ್ನುವುದು ಅವರ ವಾದ. ದಿಟ್ಟತನ ಅನ್ನುವುದಿದ್ದರೆ ಅದು ಆ ಎರಡು ವರ್ಷದಲ್ಲಿದೆ. ಅದರ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ.

ನನಗೆ ಇಷ್ಟು ಸಿಟ್ಟು ಬರಲು ಕಾರಣ ಇದೆ. ದಾವಣಗೆರೆಯ ಒಂದು ಸಣ್ಣ ದಿನಪತ್ರಿಕೆಗೆ ನಾನು ಕೆಲಸ ಕಲಿಯಲು ಸೇರಿದ ಹೊಸತು. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನಲ್ಲಿ ಹತ್ತಿ ಮಿಲ್ಲುಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಒಂದು ಗೇಟಿಗೆ ಬೀಗ ಬಿದ್ದ ದಿನ ವರದಿ ಬರೆದೆ: "ನೂರಾರು ಕುಟುಂಬಗಳು ಬೀದಿಗೆ ಬಿದ್ದವು." ಹಿರಿಯ ಉಪಸಂಪಾದಕರು ಓದಿದರು. ಕನ್ನಡಕ ತೆಗೆದರು. "ಯಾವ ಬೀದಿಗೆ ಬಿದ್ದರು, ತಮ್ಮಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಹೋಗಿ ನೋಡ್ಕಂಡು ಬಾ" ಅಂದರು. ಪುಟದಲ್ಲಿ ಅಷ್ಟು ಜಾಗ ಖಾಲಿ ಬಿಟ್ಟು ಕಾದರು.

ಮಿಲ್ಲಿನ ಹಿಂದಿನ ಓಣಿಗೆ ಹೋದೆ. ವರ್ಷಗಟ್ಟಲೆ ನೂಲು ತೆಗೆದ ಕೈಯವರೊಬ್ಬರು ಮಂಡಕ್ಕಿ ಭಟ್ಟಿಗೆ ಕೂಲಿಗೆ ಹೊರಟಿದ್ದರು. ಕಿರಾಣಿ ಅಂಗಡಿಯವರು ಉದ್ರಿ ಪುಸ್ತಕ ಒಳಗಿಟ್ಟಿದ್ದರು. ಇನ್ನೊಂದು ಮನೆಯ ಯಜಮಾನರು ಸೈರನ್ ಕೂಗದಿದ್ದರೂ ಅದೇ ಹೊತ್ತಿಗೆ ಎದ್ದು, ಅಂಗಿ ತೊಟ್ಟು, ಕಟ್ಟೆ ಮೇಲೆ ಕೂತಿದ್ದರು. ಅವರ ಹೆಂಡತಿ ನನ್ನನ್ನು ಕೇಳಿದ್ದು ಒಂದೇ ಮಾತು: "ಪೇಪರ್‌ನಾಗೆ ಹಾಕಿದ್ರೆ ಗೇಟು ತೆಗೀತಾರೇನಪ್ಪಾ?"

ವಾಪಸ್ ಬಂದು, ಮೊದಲಿನ ಸಾಲು ಹೊಡೆದು, ಇಷ್ಟನ್ನೇ ಬರೆದೆ. ಅವರು ಒಂದು ಮಾತೂ ಆಡದೆ ಅದನ್ನು ಮೊಳೆ ಜೋಡಿಸುವವರ ಕೈಗೆ ಕೊಟ್ಟರು.

ನಿಮ್ಮ "ಅನೇಕ ಅಡೆತಡೆಗಳನ್ನು ಮೆಟ್ಟಿ ನಿಂತು" ಅನ್ನುವುದಕ್ಕೂ ನನ್ನ ಪ್ರಶ್ನೆ ಅದೇ. ಯಾವ ಅಡೆತಡೆ? 1971ರಲ್ಲಿ ಯೇಲ್‌ನಲ್ಲಿ ಅರ್ಥಶಾಸ್ತ್ರದ ಪಿಎಚ್‌ಡಿ ಪಡೆದವರ ಗುಂಪಿನಲ್ಲಿ ಅವರೊಬ್ಬರೇ ಹೆಂಗಸು. ಹಾರ್ವರ್ಡ್‌ನಲ್ಲಿ ಐದು ವರ್ಷ ಪಾಠ ಮಾಡಿದರೂ ಕೆಲಸ ಕಾಯಂ ಆಗಲಿಲ್ಲ. 1977ರಲ್ಲಿ ಫೆಡರಲ್ ರಿಸರ್ವ್‌ಗೆ ಅರ್ಥಶಾಸ್ತ್ರಜ್ಞೆಯಾಗಿ ಸೇರಿದರು, 37 ವರ್ಷದ ಮೇಲೆ ಅಲ್ಲಿಗೇ ಅಧ್ಯಕ್ಷೆ. ಇದನ್ನು ಬರೆದರೆ "ಮೊದಲ ಮಹಿಳೆ" ಅಂತ ಹನ್ನೊಂದು ಸಲ ಹೇಳುವುದು ಬೇಕಾಗುವುದಿಲ್ಲ, ಅಲ್ವಾ? ಅವರ ಅಪ್ಪ ಡಾಕ್ಟರು. ಬ್ರೂಕ್ಲಿನ್‌ನ ಮನೆಯ ಕೆಳಗಡೆಯೇ ಕ್ಲಿನಿಕ್. ಬಂದರಿನ ಕೂಲಿಗಳು, ಕಾರ್ಖಾನೆ ಕೆಲಸಗಾರರು ಅಲ್ಲಿಗೆ ಬರುತ್ತಿದ್ದರು. ನೀವು ಅದನ್ನು "ಮಧ್ಯಮ ವರ್ಗದ ಕುಟುಂಬ" ಅಂತ ಮುಗಿಸಿದ್ದೀರಿ.

ಶಿಕಾಗೋದಿಂದ ಶುರು ಮಾಡಿ, ಆ ಸ್ಯಾಂಪಲ್ ಕೊಡುವ ಹೆಣ್ಣುಮಗಳಿಂದ. ಆಮೇಲೆ ನಿಮ್ಮ ಕೌಂಟರಿನ ಕಾಲು ಪರ್ಸೆಂಟ್ ಬರಲಿ. ನಾಲ್ಕು ಪುಟ ಸಾಕು. ಮುಂದಿನ ತಿಂಗಳ ಸಂಚಿಕೆಯಲ್ಲಿ ಅಷ್ಟು ಜಾಗ ಖಾಲಿ ಬಿಟ್ಟಿರುತ್ತೇನೆ.