ಪ್ರತಿಕ್ರಿಯೆ: ಸ್ನೋಬೋರ್ಡ್‌ಗೂ ಸಮುದ್ರದ ಅಲೆಗೂ ಏನು ಸಂಬಂಧ?

ಹಿಮದ ಮೇಲೆ ನಿಂತು ಜಾರುವ ಹಲಗೆ ಸ್ನೋಬೋರ್ಡ್ ಬಂದಿದ್ದು, ಕಾಲಿಗೊಂದು ಉದ್ದ ಪಟ್ಟಿ ಕಟ್ಟಿ ಹಿಮದಲ್ಲಿ ಜಾರುವ ಸ್ಕೀಯಿಂಗ್‌ನಿಂದ; ಅದಕ್ಕೆ ಹಲಗೆ ಮೇಲೆ ನಿಂತು ಅಲೆಯಲ್ಲಿ ಜಾರುವ ಸರ್ಫಿಂಗ್ ಯಾಕೆ ತಳಕು ಹಾಕ್ತಾರೆ ಅಂತ ಕೇಳಿದ್ದೀರಿ. ಹಲಗೆ ಸ್ಕೀಯದ್ದೇ, ಆದರೆ ಆಸೆ ಸರ್ಫಿಂಗ್‌ನದು.

1965ರ ಕ್ರಿಸ್ಮಸ್ ದಿನ. ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್ ಊರು. ಶರ್ಮನ್ ಪಾಪನ್ ಎಂಬವರು ಮಕ್ಕಳ ಆಟಕ್ಕೆ ಎರಡು ಸ್ಕೀಗಳನ್ನು ಪಕ್ಕಪಕ್ಕ ಜೋಡಿಸಿದರು. ಅದರ ಮೇಲೆ ಅಡ್ಡಡ್ಡ ನಿಂತು ಹಿಮದ ಇಳಿಜಾರಿನಲ್ಲಿ ಜಾರುವುದು. ಸರ್ಫರ್ ನಿಲ್ಲುವ ಹಾಗೇ, ಅಲ್ವಾ? ಅವರ ಹೆಂಡತಿ ಸ್ನೋ, ಸರ್ಫ್ ಎರಡನ್ನೂ ಸೇರಿಸಿ ‘ಸ್ನರ್ಫರ್’ ಅಂತ ಹೆಸರಿಟ್ಟರು. ಸಂಬಂಧ ಆ ಹೆಸರಲ್ಲೇ ಇದೆ! ಹುಡುಗನಾಗಿದ್ದಾಗ ಸ್ನರ್ಫರ್ ಮೇಲೆ ಜಾರಿದ ಜೇಕ್ ಬರ್ಟನ್ 1977ರಲ್ಲಿ ಸ್ನೋಬೋರ್ಡ್ ಕಂಪನಿ ಶುರುಮಾಡಿದರು. 1998ರ ಜಪಾನಿನ ನಗಾನೋ ಒಲಿಂಪಿಕ್ಸ್ ಹೊತ್ತಿಗೆ ಸ್ನೋಬೋರ್ಡಿಂಗ್ ಪದಕದ ಆಟವಾಗಿತ್ತು.

ಚಕ್ರ ಇರುವ ಹಲಗೆ ಸ್ಕೇಟ್‌ಬೋರ್ಡ್ ಕಥೆಯೂ ಹೀಗೇ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಮೊದಲು ‘ಸೈಡ್‌ವಾಕ್ ಸರ್ಫಿಂಗ್’ (ಫುಟ್‌ಪಾತ್ ಮೇಲಿನ ಸರ್ಫಿಂಗ್) ಅಂತಲೇ ಹೇಳುತ್ತಿದ್ದರು.

ನನಗೆ ಇವೆಲ್ಲಕ್ಕಿಂತ ಜಾಸ್ತಿ ಇಷ್ಟ ಸರ್ಫರ್ ಟಾಮ್ ಮೋರಿ ಕಥೆ. 1971ರಲ್ಲಿ ಹವಾಯಿಯಲ್ಲಿ ಅವರು ಒಂದು ಫೋಮ್ ತುಂಡನ್ನು ಚಾಕುವಿನಿಂದ ಅರ್ಧಕ್ಕೆ ಕತ್ತರಿಸಿದರು. ಮೇಲೆ ನ್ಯೂಸ್‌ಪೇಪರ್ ಇಟ್ಟು ಇಸ್ತ್ರಿಪೆಟ್ಟಿಗೆಯ ಬಿಸಿಯಲ್ಲಿ ಆಕಾರ ಕೊಟ್ಟರು. ಬಾಡಿಬೋರ್ಡ್ ಹುಟ್ಟಿದ್ದೇ ಹಾಗೆ. ನಿಲ್ಲುವುದೇ ಬೇಡ, ಹೊಟ್ಟೆ ಮೇಲೆ ಮಲಗಿ ಅಲೆ ಹಿಡಿಯಬಹುದು. ಹವಾಯಿಯವರಿಗೆ ಇದು ಹೊಸದೇನಲ್ಲ. ‘ಪೈಪೊ’ ಎಂಬ ಚಿಕ್ಕ ಮರದ ಹಲಗೆ ಮೇಲೆ ಅವರು ಎಷ್ಟೋ ಕಾಲದಿಂದ ಹೀಗೆ ಜಾರುತ್ತಿದ್ದರು. ನೀವು ಅಲೆಯ ಜೊತೆ ಮೊದಲ ಬಾರಿ ಆಡುವುದಾದರೆ ಬಾಡಿಬೋರ್ಡ್‌ನಿಂದಲೇ ಶುರುಮಾಡಿ ಅಂತೀನಿ.