ಧಾಟಿಗೆ ಅಂಕಿತವಿಲ್ಲ

ತಿಪಟೂರಿನಿಂದ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಸ್ಥಳಾಭಾವದಿಂದ ಅದರ ಸಾರವನ್ನಷ್ಟೇ ಇಲ್ಲಿ ಕೊಡುತ್ತಿದ್ದೇನೆ. ಅವರು ಹದಿನಾರು ವರ್ಷಗಳಿಂದ ಒಂದು ಸುಗಮ ಸಂಗೀತ ತಂಡವನ್ನು ನಡೆಸಿಕೊಂಡು ಬಂದಿದ್ದಾರೆ. ಈ ಸಲದ ರಾಮನವಮಿಯಂದು ಊರಿನ ರಾಮಮಂದಿರದ ಪ್ರಾಂಗಣದಲ್ಲಿ ಟಿಕೆಟ್ಟಿಲ್ಲದೆ, ಸಂಭಾವನೆಯಿಲ್ಲದೆ, ಪಾನಕ ಕೋಸಂಬರಿಯನ್ನಷ್ಟೇ ಸ್ವೀಕರಿಸಿ ಈ ತಂಡ ಎಂಟು ಹಾಡುಗಳನ್ನು ಹಾಡಿತು. ತಂಡದ ಹುಡುಗನೊಬ್ಬ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಅಂತರ್ಜಾಲಕ್ಕೆ ಏರಿಸಿದ. ಮೂರನೆಯ ದಿನ ನೋಡಿದರೆ ಎರಡು ಹಾಡುಗಳಿಗೆ ಧ್ವನಿಯೇ ಇಲ್ಲ. ಕ್ಯಾಸೆಟ್ ಕಂಪನಿಯೊಂದು ಅವು ತನ್ನವೆಂದು ಹಕ್ಕು ಸಾಧಿಸಿತ್ತು. ಪತ್ರ ಕೇಳುತ್ತದೆ: “ಪುರಂದರದಾಸರು ಹಕ್ಕು ಕೇಳಿದ್ದರೇ? ಶಿಶುನಾಳ ಶರೀಫರು ಯಾರೊಡನೆ ಕರಾರು ಮಾಡಿಕೊಂಡಿದ್ದರು? ಹುಟ್ಟುವ ತನಕ ಹಾಡು ಕವಿಯದು, ಹುಟ್ಟಿದ ಮೇಲೆ ಊರಿನದು. ಈ ಕಾಪಿರೈಟ್ ಎಂಬುದು ನಮ್ಮ ನೆಲದ ಪದಾರ್ಥವೇ ಅಲ್ಲ.”

ಮಾನ್ಯರೇ, ನಿಮ್ಮ ಕೋಪದಲ್ಲಿ ನ್ಯಾಯವಿರುವ ಭಾಗವನ್ನು ಮೊದಲು ಒಪ್ಪಿಬಿಡುತ್ತೇನೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ನೀವು ಭಾವಿಸಿರುವಷ್ಟು ನಿರ್ದಯಿಯಲ್ಲ. ಹಣ ಕೊಡದ ಪ್ರೇಕ್ಷಕರ ಮುಂದೆ ಹವ್ಯಾಸಿ ಸಂಘವೊಂದು ಹಾಡಿದರೆ ಅದು ಉಲ್ಲಂಘನೆಯಲ್ಲವೆಂದು ಅದರ 52ನೆಯ ಕಲಮು ಹೇಳುತ್ತದೆ. ಧಾರ್ಮಿಕ ಸಮಾರಂಭದಲ್ಲಿ, ಮದುವೆಯ ಮೆರವಣಿಗೆಯಲ್ಲಿ ಹಾಡಿದರೂ ಅಲ್ಲ. ರಾಮಮಂದಿರದಲ್ಲಿ ನೀವು ಹಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಮುದ್ರಿಸಿ ಲೋಕಕ್ಕೆಲ್ಲ ಕೇಳಿಸುವಂತೆ ಏರಿಸುವುದು ಮಾತ್ರ ಬೇರೆ ಕೆಲಸ, ಅದಕ್ಕೆ ಬೇರೆ ಅನುಮತಿ ಬೇಕು. ಹಾಗೆಂದು ಕಂಪನಿ ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ನಿಮ್ಮದೇ ಹಾರ್ಮೋನಿಯಂ, ನಿಮ್ಮದೇ ಕಂಠವಾದ್ದರಿಂದ ನೀವು ಅವರ ಧ್ವನಿಮುದ್ರಿಕೆಯನ್ನು ನಕಲು ಮಾಡಿದಂತಾಗಲಿಲ್ಲ. ಸಾಹಿತ್ಯದ ಮೇಲೆ, ಧಾಟಿಯ ಮೇಲೆ ಅವರಿಗೆ ಹಕ್ಕಿರಬೇಕಾದರೆ ಕವಿಯೂ ಸಂಯೋಜಕರೂ ಸಹಿ ಮಾಡಿ ಕೊಟ್ಟ ಲಿಖಿತ ಪತ್ರ ಇರಬೇಕು. ಅದನ್ನು ತೋರಿಸಿರೆಂದು ನೀವು ಧೈರ್ಯವಾಗಿ ಕೇಳಬಹುದು. ಯಂತ್ರಕ್ಕೆ ಇದಾವುದೂ ತಿಳಿಯುವುದಿಲ್ಲ. ಅದು ಧಾಟಿಯನ್ನು ಹೋಲಿಸಿ ನೋಡಿ ಬಾಯಿ ಮುಚ್ಚಿಸುತ್ತದೆ. ನಿಮ್ಮ ಪರವಾಗಿ ನಾನು ಹೇಳಬಲ್ಲದ್ದು ಇಷ್ಟು.

ಇನ್ನು ದಾಸರ ವಿಷಯ. ಮೇಷ್ಟ್ರೇ, ತರಗತಿಯಲ್ಲಿ ಎಷ್ಟು ಸಲ ಪಾಠ ಮಾಡಿರಬಹುದಾದ ಸಂಗತಿಯನ್ನು ನೀವು ಪತ್ರ ಬರೆಯುವಾಗ ಮರೆತದ್ದು ಹೇಗೆ? ದಾಸರ ಪದದ ಕೊನೆಯ ಚರಣದಲ್ಲಿ ಅಂಕಿತವಿರುತ್ತದೆ. ಅದು ದೇವರ ಹೆಸರು, ದಾಸರ ಹೆಸರಲ್ಲ ಎಂದು ನೀವು ಹೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ಆದರೆ ಪುರಂದರವಿಠಲನೂ ವಿಜಯವಿಠಲನೂ ಒಬ್ಬನೇ ವಿಠಲನಾಗಿರುವಾಗ ಎರಡು ಅಂಕಿತಗಳು ಏಕೆ ಬೇಕಾದವು? ಪದ ಯಾರದೆಂದು ತಿಳಿಯಲೆಂದೇ. ಶರೀಫರೂ ತಮ್ಮ ಪದಗಳಲ್ಲಿ ಶಿಶುನಾಳಧೀಶನನ್ನು ಬಿಟ್ಟು ಮುಂದೆ ಹೋದವರಲ್ಲ. ವಚನಕಾರರಲ್ಲಂತೂ ಅಂಕಿತ ಕಿತ್ತರೆ ಯಾರ ವಚನವೆಂದು ಹೇಳುವುದೇ ಕಷ್ಟವಾದೀತು. ಕೃತಿ ನನ್ನದೆಂದು ಹೇಳಿಕೊಳ್ಳುವ ಹಕ್ಕು, ಅದನ್ನು ಕೆಡಿಸಿದವರನ್ನು ತಡೆಯುವ ಹಕ್ಕು, ಇವೆರಡನ್ನೂ ಕಾಯ್ದೆಯ 57ನೆಯ ಕಲಮು ಕೃತಿಯನ್ನು ಮಾರಿಕೊಂಡವನಿಗೂ ಉಳಿಸಿಕೊಡುತ್ತದೆ. ನಮ್ಮ ಪದಕಾರರು ಅದರಲ್ಲಿ ಮೊದಲಿನದನ್ನು ಶಾಸನದ ನೆರವಿಲ್ಲದೆಯೇ ಕೊನೆಯ ಸಾಲಿನಲ್ಲಿ ಕಟ್ಟಿಟ್ಟಿದ್ದರು.

ನನ್ನನ್ನು ಬಹುಕಾಲದಿಂದ ಕಾಡುತ್ತಿರುವುದು ಇದರ ಇನ್ನೊಂದು ಮಗ್ಗುಲು. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ. ಅವರ ಪದಗಳು ಅಂಕಿತ ಹೊತ್ತು ನಮ್ಮವರೆಗೆ ಬಂದವು. ಆ ಪದಗಳನ್ನು ಅವರು ಹಾಡಿದ ಧಾಟಿಗಳು ಬಹುಪಾಲು ಬರಲಿಲ್ಲ. ಇಂದು ಕಚೇರಿಯ ಕೊನೆಯಲ್ಲಿ ನಾವು ತಲೆದೂಗುವ ದೇವರನಾಮಗಳ ರಾಗ ಸಂಯೋಜನೆ ಎಷ್ಟೋ ಸಲ ಕಳೆದ ಶತಮಾನದ ವಿದ್ವಾಂಸರೊಬ್ಬರದಾಗಿರುತ್ತದೆ, ಅವರ ಹೆಸರನ್ನು ಯಾರೂ ಹೇಳುವುದಿಲ್ಲ. ಮಾತಿಗೆ ಅಂಕಿತವಿದೆ, ಧಾಟಿಗೆ ಇಲ್ಲ. ಧಾಟಿಯ ಕೊನೆಯ ಸ್ವರದಲ್ಲಿ ಹೆಸರು ಕೆತ್ತಿಡಲು ಯಾವ ಸಂಯೋಜಕನಿಗೂ ಸಾಧ್ಯವಿಲ್ಲ. ಅವನ ಪಾಲಿನ ಅಂಕಿತವನ್ನು ಹೊರಗಿನಿಂದ ಯಾರಾದರೂ ಹಾಕಿಕೊಡಬೇಕು.

ಹಾಕಿಕೊಡಬೇಕಾಗಿದ್ದ ಕಾಯ್ದೆಯೂ ಮೊದಮೊದಲು ಕಣ್ಣು ಮುಚ್ಚಿಕೊಂಡಿತ್ತು. 1957ರ ಮೂಲ ಪಠ್ಯದ ಪ್ರಕಾರ ಸಂಗೀತ ಕೃತಿಯೆಂದರೆ ಬರಹಕ್ಕೆ ಇಳಿದದ್ದು, ಸ್ವರಲಿಪಿಯಲ್ಲಿ ದಾಖಲಾದದ್ದು. ಹಾರ್ಮೋನಿಯಂ ಮುಂದೆ ಕುಳಿತು, ಎಲೆಯಡಿಕೆ ಮೆಲ್ಲುತ್ತ, ಎರಡು ಗಂಟೆಯಲ್ಲಿ ಒಂದು ಭಾವಗೀತೆಗೆ ಜೀವ ತುಂಬಿ, ಪಕ್ಕದಲ್ಲಿದ್ದ ಗಾಯಕಿಗೆ ಬಾಯಿಪಾಠ ಮಾಡಿಸಿ ಕಳುಹಿಸುವ ನಮ್ಮ ಸಂಯೋಜಕನಿಗೆ ಆ ವ್ಯಾಖ್ಯೆಯಲ್ಲಿ ಜಾಗವಿರಲಿಲ್ಲ. ಬಾಯಿಂದ ಬಾಯಿಗೆ ಹರಿಯುವ ಸಂಗೀತವೇ ಪ್ರಧಾನವಾದ ದೇಶದಲ್ಲಿ ಈ ವ್ಯಾಖ್ಯೆಯನ್ನು ತಿದ್ದಲು 1994ರವರೆಗೆ ಕಾಯಬೇಕಾಯಿತು.

ಗದಗಿನ ಕಡೆಯ ನನ್ನ ಸ್ನೇಹಿತರೊಬ್ಬರು ಅಂಥ ಸಂಯೋಜಕರು. 1989ರಲ್ಲಿ ಎಂಟು ಭಾವಗೀತೆಗಳಿಗೆ ಧಾಟಿ ಕಟ್ಟಿ ಕ್ಯಾಸೆಟ್ ಕಂಪನಿಯೊಂದಕ್ಕೆ ಕೊಟ್ಟರು. ಕೈಗೆ ಬಂದದ್ದು ಎರಡು ಸಾವಿರ ರೂಪಾಯಿ. ಅದರ ರಸೀದಿಯ ನಕಲನ್ನು ನಾನು ನೋಡಿದ್ದೇನೆ: ಅರ್ಧ ಹಾಳೆ, ಬೆರಳಚ್ಚು ಮಾಡಿದ ಆರು ಸಾಲು, “ಸಕಲ ಹಕ್ಕುಗಳನ್ನೂ ಶಾಶ್ವತವಾಗಿ ಬಿಟ್ಟುಕೊಟ್ಟಿರುತ್ತೇನೆ” ಎಂಬ ಒಕ್ಕಣೆ, ರೆವಿನ್ಯೂ ಸ್ಟಾಂಪಿನ ಮೇಲೆ ಅರ್ಧ, ಹಾಳೆಯ ಮೇಲೆ ಅರ್ಧ ಹರಡಿದ ಅವರ ಸಹಿ. ಎರಡು ವರ್ಷ ಕಳೆದು ಹುಬ್ಬಳ್ಳಿಯ ಬಸ್ ನಿಲ್ದಾಣದ ಅಂಗಡಿಯೊಂದರಲ್ಲಿ ತಮ್ಮದೇ ಧಾಟಿ ಕಿವಿಗೆ ಬಿದ್ದು, ಅವರು ಬಸ್ಸು ತಪ್ಪಿಸಿಕೊಂಡು ಆ ಕ್ಯಾಸೆಟ್ಟನ್ನು ದುಡ್ಡು ಕೊಟ್ಟು ಕೊಂಡರು. ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ ನೋಡಿದರೆ ಗಾಯಕರ ಬಣ್ಣದ ಚಿತ್ರ, ಕವಿಯ ಹೆಸರು, ಪ್ರಾಯೋಜಕರ ಹೆಸರು. ಸಂಗೀತ ಎಂಬುದರ ಎದುರಿಗೆ “ಸಾಂಪ್ರದಾಯಿಕ” ಎಂದು ಅಚ್ಚಾಗಿತ್ತು. ನಲವತ್ತೆರಡು ವರ್ಷದ ಗಂಡಾಳು, ನಿಂತ ನೆಲದಲ್ಲೇ ಸಂಪ್ರದಾಯವಾಗಿ ಹೋಗಿದ್ದರು! ಕರಾರಿನಲ್ಲಿ ಅವಧಿ ಹೇಳಿಲ್ಲದಿದ್ದರೆ ಐದೇ ವರ್ಷವೆಂದು ಎಣಿಸಬೇಕೆಂಬ ನಿಯಮ ಈಗ ಕಾಯ್ದೆಯಲ್ಲಿದೆ. ಅವರ ರಸೀದಿಯಲ್ಲಿ “ಶಾಶ್ವತವಾಗಿ” ಎಂಬ ಮಾತು ಇಲ್ಲದಿದ್ದರೂ ಆ ನಿಯಮ ಅವರ ನೆರವಿಗೆ ಬರುತ್ತಿರಲಿಲ್ಲ, ಏಕೆಂದರೆ 1994ರ ತಿದ್ದುಪಡಿಗೆ ಮುಂಚಿನ ಕರಾರುಗಳಿಗೆ ಅದು ಅನ್ವಯಿಸುವುದಿಲ್ಲ. ಕ್ಯಾಸೆಟ್ಟಿನ ಸುಗ್ಗಿಯ ವರ್ಷಗಳ ಫಸಲಿನಲ್ಲಿ ಬಹುಭಾಗ ಆ ಗೆರೆಯ ಆಚೆಗೇ ಉಳಿಯಿತು.

ಇದು ನಮ್ಮಲ್ಲಷ್ಟೇ ನಡೆದ ಕಥೆಯಲ್ಲ. ದಕ್ಷಿಣ ಆಫ್ರಿಕದ ಸಾಲೊಮನ್ ಲಿಂಡಾ ಎಂಬ ಜುಲು ಗಾಯಕ 1939ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಒಂದು ಹಾಡನ್ನು ಮುದ್ರಿಸಿದ. ಅದರ ಹೆಸರು ‘ಮ್ಬುಬೆ’, ಎಂದರೆ ಸಿಂಹ. ಹಕ್ಕನ್ನು ಹತ್ತು ಶಿಲಿಂಗಿಗೆ ಬಿಟ್ಟುಕೊಟ್ಟ. ಹಾಡು ಅಮೆರಿಕಕ್ಕೆ ಹೋಯಿತು, ಅಲ್ಲಿ ಅದನ್ನು ಆಫ್ರಿಕದ ಜನಪದವೆಂದು ಬಗೆದರು, ಹೊಸ ಮಾತು ಹಾಕಿ 1961ರಲ್ಲಿ ಲೋಕಪ್ರಿಯಗೊಳಿಸಿದರು, ಕಡೆಗೆ ಡಿಸ್ನಿಯ ಸಿಂಹದ ಚಿತ್ರದವರೆಗೂ ಅದು ಬಂತು. ಲಿಂಡಾ 1962ರಲ್ಲಿ ಕಡುಬಡವನಾಗಿಯೇ ತೀರಿಕೊಂಡ. ಅವನ ಹೆಣ್ಣುಮಕ್ಕಳಿಗೆ ಕೊನೆಗೆ ಕೈಹಿಡಿದದ್ದು ಬ್ರಿಟಿಷ್ ಸಾಮ್ರಾಜ್ಯದ 1911ರ ಕಾಪಿರೈಟ್ ಕಾಯ್ದೆ: ಕರ್ತೃ ಸತ್ತ ಇಪ್ಪತ್ತೈದು ವರ್ಷಗಳ ಮೇಲೆ, ಅವನು ಬದುಕಿದ್ದಾಗ ಮಾರಿದ್ದ ಹಕ್ಕು ವಾರಸುದಾರರಿಗೆ ಮರಳುತ್ತದೆಂಬ ಒಂದು ವಿಧಿ ಅದರಲ್ಲಿತ್ತು. 2006ರಲ್ಲಿ ರಾಜಿಯಾಯಿತು. ಅದೇ ಕಾಯ್ದೆ 1914ರಲ್ಲಿ ನಮ್ಮಲ್ಲೂ ಜಾರಿಗೆ ಬಂದಿತ್ತು. ಅದರಡಿಯಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ ಗ್ರಾಮಫೋನ್ ಕಾಲದ ಕನ್ನಡ ಸಂಯೋಜಕರ ಮಕ್ಕಳು ಯಾರಾದರೂ ಇದ್ದರೆ ನಾನಂತೂ ಕೇಳಿಲ್ಲ.

ಈ ಪದಾರ್ಥ ನಮ್ಮ ನೆಲದ್ದಲ್ಲವೆಂದಿರಿ. ಒಪ್ಪಿದೆ. 1847ರಲ್ಲಿ ಪ್ಯಾರಿಸಿನ ಒಂದು ಹೋಟೆಲಿನಲ್ಲಿ ಅರ್ನೆಸ್ಟ್ ಬೂರ್ಜೆ ಎಂಬ ಗೀತರಚನಕಾರ ಗೆಳೆಯರೊಡನೆ ಕುಳಿತು ಸಕ್ಕರೆ ನೀರು ಕುಡಿಯುತ್ತಿದ್ದಾಗ ಅಲ್ಲಿಯ ವಾದ್ಯಗೋಷ್ಠಿ ಅವರದೇ ಹಾಡನ್ನು ನುಡಿಸಿತಂತೆ. ನನ್ನ ಹಾಡಿಗೆ ನೀವು ಕಾಸು ಕೊಡುವುದಿಲ್ಲ, ನಿಮ್ಮ ನೀರಿಗೆ ನಾನೂ ಕೊಡುವುದಿಲ್ಲವೆಂದು ಅವನು ಬಿಲ್ಲು ಕೊಡದೆ ಎದ್ದ. ಜಗಳ ನ್ಯಾಯಾಲಯಕ್ಕೆ ಹೋಗಿ ಅವನೇ ಗೆದ್ದು, 1851ರಲ್ಲಿ ಹಾಡುಗಾರಿಕೆಯ ಶುಲ್ಕ ಸಂಗ್ರಹಿಸುವ ಸಂಘ ಹುಟ್ಟಿತು. ಈ ಹಕ್ಕು ಪರದೇಶದ್ದೇ ಸರಿ. ಆದರೆ ಮೇಷ್ಟ್ರೇ, ನೀವು ರಾಮಮಂದಿರದಲ್ಲಿ ನುಡಿಸಿದ ಹಾರ್ಮೋನಿಯಂ ಕೂಡ ಅದೇ 1840ರ ದಶಕದಲ್ಲಿ ಅದೇ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದ ವಾದ್ಯ. ಪೆಟ್ಟಿಗೆಯನ್ನು ಒಳಗೆ ಕರೆದುಕೊಂಡು ರಸೀದಿಯನ್ನು ಹೊಸ್ತಿಲಲ್ಲೇ ನಿಲ್ಲಿಸುವುದು ಯಾವ ಸ್ವದೇಶಿ?

ಸಿನಿಮಾದವರ ಪಾಡನ್ನು ಹೇಳಿದರೆ ಇನ್ನೊಂದು ಸಂಚಿಕೆ ಬೇಕು. ನಿರ್ಮಾಪಕ ಹಣ ಕೊಟ್ಟು ಮಾಡಿಸಿದ ಸಂಗೀತಕ್ಕೆ, ಬೇರೆ ಕರಾರಿಲ್ಲದಿದ್ದರೆ, ಅವನೇ ಮೊದಲ ಒಡೆಯನೆಂದು ಸುಪ್ರೀಂ ಕೋರ್ಟು 1977ರಲ್ಲಿ ತೀರ್ಪಿತ್ತಿತು. ಗೀತರಚನಕಾರರೂ ಸಂಯೋಜಕರೂ ಆ ತೀರ್ಪಿನ ನೆರಳಿನಲ್ಲಿ ಮೂವತ್ತೈದು ವರ್ಷ ಕಳೆದ ಮೇಲೆ, ರಾಜ್ಯಸಭೆಯಲ್ಲಿ ಜಾವೇದ್ ಅಖ್ತರ್ ಮುಂತಾದವರ ಹೋರಾಟದಿಂದ 2012ರ ತಿದ್ದುಪಡಿ ಬಂತು. ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗ ಅದರ ರಾಯಲ್ಟಿಯಲ್ಲಿ ಅವರಿಗೆ ಸಮಪಾಲು. ಆ ಪಾಲನ್ನು ಅವರೇ ಬಿಟ್ಟುಕೊಡುತ್ತೇನೆಂದು ಬರೆದುಕೊಟ್ಟರೂ ಅದು ನಡೆಯದು. ಸಹಿ ಮಾಡಿಸಿಕೊಳ್ಳುವವನ ಬಲ, ಸಹಿ ಮಾಡುವವನ ಹಸಿವು, ಎರಡನ್ನೂ ಬಲ್ಲವರು ಬರೆದ ವಾಕ್ಯ ಅದು.

2017ರಲ್ಲಿ ಅಮೆರಿಕ ಪ್ರವಾಸದಲ್ಲಿದ್ದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಇಳಯರಾಜ ಅವರ ಕಡೆಯಿಂದ ನೋಟಿಸು ಹೋದಾಗ ಕನ್ನಡಿಗರೆಲ್ಲ ಎಸ್‌ಪಿಬಿಯವರ ಪಕ್ಷ ವಹಿಸಿದರು. ನನಗೂ ಬೇಸರವಾಯಿತು, ಗೆಳೆಯನಿಗೆ ನೋಟಿಸು ಕೊಡುವುದು ಚೆಂದದ ಕೆಲಸವಲ್ಲ. ಆದರೂ, ಸಾವಿರಾರು ಜನ ಟಿಕೆಟ್ಟು ಕೊಂಡು ಕುಳಿತ ಸಭೆಯಲ್ಲಿ ಬೆಳಕಿನವನಿಗೆ, ಧ್ವನಿವರ್ಧಕದವನಿಗೆ, ಸಭಾಂಗಣದ ಬಾಡಿಗೆಗೆ, ಊಟಕ್ಕೆ ಹಣವಿದ್ದು, ಧಾಟಿ ಕಟ್ಟಿದವನು ತನ್ನ ಪಾಲು ಕೇಳಿದ ಕೂಡಲೇ ಅವನು ದುರಾಸೆಯವನಾಗುವುದು ಹೇಗೆಂಬುದು ನನಗೆ ಅಂದೂ ಅರ್ಥವಾಗಲಿಲ್ಲ, ಇಂದೂ ಆಗಿಲ್ಲ. ಇಳಯರಾಜ ಅವರ ಹಾಡುಗಳ ವ್ಯಾಜ್ಯ 2024ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದಿದ್ದಾಗ, ಸಾಹಿತ್ಯವಿಲ್ಲದೆ ಹಾಡೆಲ್ಲಿದೆ ಎಂಬ ಪ್ರಶ್ನೆ ನ್ಯಾಯಪೀಠದಿಂದಲೇ ಬಂತು. ನ್ಯಾಯವಾದ ಪ್ರಶ್ನೆ. ಪಾಲು ಕೇಳುವವನು ಪಕ್ಕದವನ ಪಾಲನ್ನೂ ನೆನೆಯಬೇಕು.

ರಾಗ ಯಾರದೂ ಅಲ್ಲ, ಅದರ ಬಗ್ಗೆ ಭಯ ಬೇಡ. ಆದರೆ ರಾಗದೊಳಗೆ ಕಟ್ಟಿದ ರಚನೆ ಯಾರದೆಂದು ತೋರಿಸುವುದು ಎಷ್ಟು ಕಷ್ಟವೆಂಬುದಕ್ಕೆ 2025ರ ದೆಹಲಿ ಹೈಕೋರ್ಟಿನ ಪ್ರಕರಣ ನೋಡಿ. ಹಿಂದೂಸ್ತಾನಿ ಗಾಯಕರ ಡಾಗರ್ ಮನೆತನದ ಶಿವಸ್ತುತಿಯನ್ನು ಎ. ಆರ್. ರೆಹಮಾನ್ ತಮ್ಮ ಚಿತ್ರಗೀತೆಯೊಂದಕ್ಕೆ ಬಳಸಿದರೆಂಬುದು ದೂರು. ಎರಡೂ ಅಡಾಣಾ ರಾಗದವು. ಏಪ್ರಿಲಿನಲ್ಲಿ ಏಕಸದಸ್ಯ ಪೀಠ ಡಾಗರ್ ಸಹೋದರರ ಹೆಸರು ಹಾಕಬೇಕೆಂದು, ಎರಡು ಕೋಟಿ ರೂಪಾಯಿ ಠೇವಣಿ ಇಡಬೇಕೆಂದು ಆದೇಶಿಸಿತು. ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಅದನ್ನು ರದ್ದುಮಾಡಿತು: ಹಾಡಿದರೆಂಬುದು ರಚಿಸಿದರೆಂಬುದಕ್ಕೆ ಸಾಕ್ಷಿಯಾಗದು. ತರ್ಕ ಸರಿಯೇ ಇರಬಹುದು. ಆದರೆ ಬಾಯಿಂದ ಬಾಯಿಗೆ ಕಲಿಸುವ ಮನೆತನ ಇನ್ನಾವ ಸಾಕ್ಷಿ ತಂದೀತು?

ಕೋರ್ಟುಗಳನ್ನೇ ಏಕೆ ದೂರಬೇಕು? ನವೆಂಬರ್ ತಿಂಗಳ ಯಾವುದೇ ರಾಜ್ಯೋತ್ಸವ ಸಭೆಗೆ ಹೋಗಿ. ನಿರೂಪಕರು ಗಾಯಕರ ಹೆಸರು ಹೇಳುತ್ತಾರೆ, ತಬಲಾದವರ, ಕೀಬೋರ್ಡಿನವರ ಹೆಸರು ಹೇಳುತ್ತಾರೆ, ಶಾಮಿಯಾನ ಹಾಕಿಸಿದವರಿಗೆ ಹಾರ ಹಾಕಿಸುತ್ತಾರೆ. ಕವಿಯ ಹೆಸರು ಬಂದರೆ ಪುಣ್ಯ, ಸಂಯೋಜಕರ ಹೆಸರು ಬರುವುದಿಲ್ಲ. ನಮ್ಮ ಪತ್ರಿಕೆಯೂ ಈ ವಿಷಯದಲ್ಲಿ ಸಾಚಾ ಅಲ್ಲ. ಕಳೆದ ವಿಶೇಷಾಂಕದಲ್ಲಿ ಗೀತಗಾಯನ ಕಾರ್ಯಕ್ರಮವೊಂದರ ಎರಡು ಪುಟದ ವರದಿ ಹಾಕಿದೆವು, ಹತ್ತೊಂಬತ್ತು ಹಾಡುಗಳ ಪ್ರಸ್ತಾಪವಿತ್ತು, ಒಬ್ಬ ಸಂಯೋಜಕರ ಹೆಸರೂ ಇರಲಿಲ್ಲ. ಕರಡು ತಿದ್ದಿದವನು ನಾನೇ.

ಕೊನೆಯದಾಗಿ ನಿಮ್ಮ ಎಂಟು ಹಾಡುಗಳಿಗೆ ಬರುತ್ತೇನೆ. ಶರೀಫರು 1889ರಲ್ಲಿ ಕಾಲವಾದವರಾದ್ದರಿಂದ ಅವರ ಪದಗಳ ಮಾತನ್ನು ಯಾರು ಬೇಕಾದರೂ ಹಾಡಬಹುದು. ಆದರೆ ನೀವು ಹಾಡಿದ್ದು ಸಿ. ಅಶ್ವತ್ಥ್ ಅವರ ಧಾಟಿಯಲ್ಲಿ. ಅವರು ತೀರಿಕೊಂಡದ್ದು 2009ರ ಡಿಸೆಂಬರಿನಲ್ಲಿ. ಕರ್ತೃ ಸತ್ತ ಮುಂದಿನ ವರ್ಷದಿಂದ ಅರವತ್ತು ವರ್ಷವೆಂಬ ಲೆಕ್ಕದಲ್ಲಿ ಆ ಧಾಟಿಗೆ 2069ರ ಕೊನೆಯವರೆಗೂ ಒಡೆತನ ಉಂಟು. ಅವಧಿ ದೀರ್ಘವಾಯಿತೆಂದು ನೀವು ಗೊಣಗಿದರೆ ನಾನು ಅಡ್ಡಬರುವುದಿಲ್ಲ. ಬೇಂದ್ರೆಯವರು 1981ರಲ್ಲಿ, ಕುವೆಂಪು 1994ರಲ್ಲಿ ತೀರಿಕೊಂಡವರು. ಅವರ ಕವನಗಳಿಗೆ ಕ್ರಮವಾಗಿ 2041, 2054 ಎಂದು ಎಣಿಸಿಕೊಳ್ಳಿ. ಉಳಿದ ಹಾಡುಗಳ ವಿಚಾರ ಹೆಚ್ಚು ಕಡಿಮೆ ಹೀಗೆಯೇ.

ಮೂರನೆಯ ಹಾಡಿನ ವಿಷಯದಲ್ಲಿ ಮಾತ್ರ ನನಗೊಂದು ಕುತೂಹಲ ಉಳಿದಿದೆ. ಕವನ ನಿಮ್ಮ ಊರಿನವರೇ ಒಬ್ಬರದು, ಧಾಟಿ “ನಮ್ಮ ತಂಡದಲ್ಲಿ ಹಿಂದಿನಿಂದ ಬಂದದ್ದು” ಎಂದು ಬರೆದಿದ್ದೀರಿ. ತಂಡಕ್ಕೆ ಹದಿನಾರೇ ವರ್ಷ. ಅದನ್ನು ಮೊದಲು ಹಾರ್ಮೋನಿಯಮ್ಮಿನ ಮೇಲೆ ಹುಡುಕಿದವರು ಯಾರೆಂದು ತಂಡದ ಹಿರಿಯರನ್ನು ಕೇಳಿ ಒಂದು ಕಾರ್ಡು ಹಾಕಿದರೆ, ಮುಂದಿನ ಸಂಚಿಕೆಯ ಇದೇ ಪುಟದಲ್ಲಿ ಅವರ ಹೆಸರನ್ನು ಪ್ರಕಟಿಸುತ್ತೇನೆ.

— ಸಂಪಾದಕ